ಸಮುದ್ರ ನೋಡಿ ಹಾಯಾಗಿ ಬರೋಣ ಅಂತ

...ಕೂತ್ಕೋ ಕೂತ್ಕೋ, ಈಗಲೇ ಏಳೋದೇನು? ಐಸ್‌ಕ್ರೀಮ್ ಕೈಗೆಲ್ಲ ಇಳೀತಾ ಇದೆ, ನೆಕ್ಕು. ಯಾಕೆ ನಗ್ತೀಯ? ಮುದುಕಿಯರು ನೆಕ್ಕಬಾರ್ದು ಅಂತ ಎಲ್ಲಾದ್ರೂ ಬರೆದಿದೆಯಾ? ಈ ಊರಲ್ಲಿ ಎಲ್ಲ ನಮಗಿಂತ ಹಳೇದೇ. ಆ ತಿರುಗೋ ಮರದ ಕುದುರೆಗಳನ್ನ ನೋಡು, ಒಂದಕ್ಕೂ ಬಾಲ ಇಲ್ಲ. ಆದ್ರೂ ಬಣ್ಣ ಬಳ್ಕೊಂಡು ಸುತ್ತುತಾ ಇವೆ.

ಅವರಿಬ್ರಾ? ಬರ್ತಾರೆ ಬಿಡು. ಟೀಚರಮ್ಮನಿಗೆ ಅಂಗಡಿ ಕಂಡ್ರೆ ಕಾಲು ಕೀಳೋಕಾಗಲ್ಲ, ಬೇಕರಿಯವಳೂ ಜೊತೆಗೆ ಹೋದ್ಲು. ನಾವಿಬ್ರೇ ಹೀಗೆ ಕೂತು ಎಷ್ಟು ಕಾಲ ಆಯ್ತು... ನೀನು ನರ್ಸು, ಡ್ಯೂಟಿ ಡ್ಯೂಟಿ ಅಂತ ಓಡಾಡಿದ್ದೇ ಆಯ್ತು. ನಾನು ಹೊಲಿಗೆ ಮಷೀನಿಗೆ ಅಂಟ್ಕೊಂಡೆ.

ಹಾಂ, ನಿಮ್ಮ ವಾರ್ಡಲ್ಲಿ ಆಯಾ ಇದ್ಲಲ್ಲ, ಕುಳ್ಳಿ, ಸದಾ ಗೊಣಗೋಳು. ಮೊನ್ನೆ ನನ್ನಂಗಡಿಗೆ ಬಂದಿದ್ಲು, ಮೊಮ್ಮಗಳ ಮದುವೆಗೆ ಬಟ್ಟೆ ಹೊಲಿಸ್ಕೊಳ್ಳೋಕೆ. ಇಲ್ಲ ಇಲ್ಲ, ಗಟ್ಟಿಮುಟ್ಟಾಗೇ ಇದಾಳೆ. ಅಳತೆ ತಗೋತಾ ಇದ್ದೆ, ಗೋಡೆ ಮೇಲೆ ನನ್ನ ತಂಗಿ ಫೋಟೋ ಇದೆಯಲ್ಲ, ನಿನ್ನ ಜೊತೆ ಅದೇ ವಾರ್ಡಲ್ಲಿ ನರ್ಸಾಗಿದ್ದಾಗಿಂದು, ಅದನ್ನ ನೋಡಿ ಗೊಳೋ ಅಂತ ಅಳೋಕೆ ಶುರು ಮಾಡಿದ್ಲು.

ಬಿಸಿಲಾ? ಈ ಕಡೆ ಜರುಗು, ನೆರಳಿದೆ.

ನಿಮ್ಮ ವಾರ್ಡಲ್ಲಿ ತಪ್ಪು ಇಂಜೆಕ್ಷನ್ ಬಿದ್ದು ಆ ಪುಟ್ಟ ಮಗು ಸತ್ತ ಮಾರನೇ ದಿನ ನೀನು ನಮ್ಮನೆಗೆ ಬಂದಿದ್ದೆ. ಕಿತ್ತಳೆ ಹಣ್ಣು ತಂದಿದ್ದೆ. ತಂಗಿ ನಿನ್ನ ಕೈ ಹಿಡ್ಕೊಂಡು, "ಆ ಇಂಜೆಕ್ಷನ್ ನಾನು ಕೊಡ್ಲೇ ಇಲ್ಲ ಅಕ್ಕಾ" ಅಂದ್ಲು. ನೀನು ಅವಳ ತಲೆ ಸವರಿ ಏನಂದೆ? "ಸುಸ್ತಲ್ಲಿ ಕೊಟ್ಟಿರ್ತೀಯ ಕಣಮ್ಮ, ಮರ್ತಿರ್ತೀಯ." ಎಷ್ಟು ಮೆತ್ತಗೆ ಅಂದೆ... ನಾನು ನಿನಗೆ ಟೀ ಮಾಡಿಕೊಟ್ಟೆ.

ಅವಳು ನಂಬಿದ್ಲು ಕಣೇ. ಕೆಲಸ ಹೋಗಿದ್ದು ಹಾಳಾಗ್ಲಿ, ತನ್ನ ಕೈಯನ್ನೇ ತಾನು ನಂಬದ ಹಾಗಾದ್ಲು. ನನ್ನ ಮಗ ಹುಟ್ಟಿದಾಗ, ಎತ್ಕೊಳ್ಳೇ ಅಂದ್ರೆ ಹಿಂದಕ್ಕೆ ಸರಿದು ಗೋಡೆಗಂಟಿ ನಿಂತ್ಲು. ಮದುವೆ ಬೇಡ ಅಂದ್ಲು. ಊರೇ ಬಿಟ್ಲು.

ಸಿರಿಂಜು ಹಿಡಿದಿದ್ದು ನೀನು ಅಂದ್ಲು ಆಯಾ. ಆಗ ನನ್ನ ತಂಗಿ ಕೆಳಗಿನ ಮಹಡೀಲಿದ್ಲಂತೆ. ಬಾಯಿ ಬಿಟ್ರೆ ಕೆಲಸದಿಂದ ತೆಗೆಸ್ತೀನಿ ಅಂತ ಆಯಾನ ಹೆದರ್ಸಿದ್ದೂ ನೀನೇ ಅಂತೆ.

ಸುತ್ತ ಯಾಕೆ ನೋಡ್ತೀಯ? ನಾನು ಕೂಗಾಡಲ್ಲ. ಕೂಗಾಡೋ ಹಾಗಿದ್ರೆ ನಿನ್ನ ಮಕ್ಕಳು ಸೊಸೆಯಂದಿರ ಎದುರಿಗೇ ಕೂಗಾಡ್ತಿದ್ದೆ. ಸಮುದ್ರ ನೋಡಿ ಹಾಯಾಗಿ ಬರೋಣ ಅಂತ ಇಷ್ಟು ದೂರ ಕರ್ಕೊಂಡು ಬರ್ತಿರ್ಲಿಲ್ಲ. ಇರೋ ಊರೆಲ್ಲ ಬಿಟ್ಟು ಇದೇ ಊರು ಯಾಕೆ ಅಂತ ಬೆಳಿಗ್ಗೆ ಬಸ್ಸಲ್ಲಿ ಕೇಳಿದೆಯಲ್ಲ...

ಅಗೋ, ಬಂದ್ರು. ಇಬ್ಬರಲ್ಲ ಕಣೇ, ಮೂರು ಜನ. ಮಧ್ಯದೋಳು ನನ್ನ ತಂಗಿ, ಈಗ ಇದೇ ಊರಲ್ಲಿರೋದು. ನನಗಿಂತ ಚಿಕ್ಕೋಳು, ತಲೆ ನೋಡು, ಪೂರ್ತಿ ಬೆಳ್ಳಗಾಗಿದೆ. ಅವಳಿಗಿನ್ನೂ ಏನೂ ಗೊತ್ತಿಲ್ಲ. ನೀನು ಅವಳನ್ನ ಮರೆತಿಲ್ಲ, ನೋಡೋಕೆ ಬಂದಿದೀಯ ಅಂತ ಹಿಗ್ಗಿ ಬರ್ತಾ ಇದಾಳೆ.

ನಿನ್ನ ಬಾಯಿಂದಲೇ ಹೇಳು ಅವಳಿಗೆ. ನಾನು ಇಲ್ಲೇ ಕೂತು ನಿನ್ನ ಮುಖ ನೋಡ್ತೀನಿ.

ಏನು? ಸುಳ್ಳು ಅನ್ನು ಮತ್ತೆ. ಆಯಾಗೆ ಅರಳುಮರಳು ಅನ್ನು. ಅನ್ನೇ, ಇನ್ನೂ ಹೊತ್ತಿದೆ, ಅವರು ಮೆಟ್ಟಿಲು ಹತ್ರ ಇದಾರೆ...

ಅನ್ನಲ್ವಾ?

ಆಯಾ ಅಷ್ಟೆಲ್ಲ ಹೇಳ್ಲೇ ಇಲ್ಲ. ಫೋಟೋ ನೋಡಿ ಅತ್ಲು, "ಪಾಪ, ಇವಳಲ್ಲ" ಅಂದ್ಲು, ಬಾಯಿ ಮುಚ್ಕೊಂಡ್ಲು. ಅಷ್ಟೇ. ಉಳಿದದ್ದು ನಾನೇ ಹೊಲಿದದ್ದು. ಸರಿಯಾಗಿ ಕೂತಿದೆ, ಅಲ್ವಾ?

ಏಳು. ನಿನ್ನನ್ನ ನೋಡಿ ಕೈ ಬೀಸ್ತಾ ಇದಾಳೆ.