ಒಲೆಯ ಹೊಗೆ

ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಜೊಂಪು ವನಿತಾಳ ಕಣ್ಣನ್ನು ಎಳೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ತುಂಬು ಬಸುರಿ ಮತ್ತು ಅವಳ ಅತ್ತೆಯ ಮಾತು ನೀರಿನಡಿಯಿಂದೆಂಬಂತೆ ತೇಲಿ ಬಂತು.

“ಅತ್ತೆ, ಆಶಾ ಅಕ್ಕ ಫೋನಿಗೆ ಒಂದು ಆಪ್ ಆಕ್ಕೊಟ್ರಲ್ಲ, ‘ಮನಸು ಎಂಗೈತೆ’ ಅಂತ ದಿನಾ ಕೇಳೋದು, ಅದು ಈಚೆಗೆ ಕೇಳ್ತಾನೇ ಇಲ್ಲ.”

“ಕೇಳ್ತದೆ ಕಣೇ ಮುನಿಲಕ್ಷ್ಮಿ. ಬೆಳಿಗ್ಗೆ ನೀನು ಏಳೋಕೆ ಮುಂಚೆ ನಾನೇ ನಗೋ ಮೊಕ ಒತ್ತಿಬಿಡ್ತೀನಿ.”

“ನೀವಾ?”

“ಬಸುರಿ ಅಳೋ ಮೊಕ ಒತ್ತಬಾರದು. ಮಗೀಗೆ ಒಳ್ಳೇದಲ್ಲ.”

“ಅದು ಒತ್ತಿದ್ರೆ ತಾನೇ ಆಸ್ಪತ್ರೆ ಮೇಡಂ ಫೋನ್ ಮಾಡಿ ಮಾತಾಡ್ಸೋದು? ನಾನು ದಿನಾ ಕಾಯ್ತಾ ಇದ್ದೆ, ಅತ್ತೆ.”

ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಅತ್ತೆಯ ಕೈ ನಿಂತಿತು.

“ನಿನ್ ಗಂಡ ಒಟ್ಟೇಲಿದ್ದಾಗ ನಾನೂ ಅಳ್ತಿದ್ದೆ. ಯಾರಾದ್ರೂ ಕಂಡ್ರೆ ಒಲೆ ಒಗೆ ಅಂತಿದ್ದೆ.”

“ಯಾರೂ ಕೇಳ್ಲಿಲ್ವಾ?”

“ಒಗೆ ಅಂದ್ಮೇಲೆ ಯಾರು ಕೇಳ್ತಾರೆ?”

ಕಾಮಸಮುದ್ರದ ಬಸ್ಸು ಬಂತು. ಅತ್ತೆ ಸೊಂಟದ ಚೀಲದಿಂದ ಫೋನು ತೆಗೆದು ಸೊಸೆಯ ಕೈಗಿಟ್ಟರು.

“ತಗಾ, ನಿಂಗೆ ಎಂಗೈತೋ ಅದನ್ನೇ ಒತ್ತು. ನಾನು ಆ ಕಡೆ ನೋಡ್ತೀನಿ.”

ಇಬ್ಬರೂ ಬಸ್ಸು ಹತ್ತಿದರು. ಸೊಸೆಯ ತಲೆ ಫೋನಿನ ಮೇಲೆ ಬಾಗಿತು. ಕಿಟಕಿಯತ್ತ ತಿರುಗಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ವನಿತಾಳಿಗೆ ಕಂಡಿತು. ಅಲ್ಲಿ ಯಾವ ಒಲೆಯೂ ಇರಲಿಲ್ಲ.