ಹುಲ್ಲು ತುಂಬಿದ ವಾಡೆ

ಅದಕ್ಕೇ ಹೇಳ್ತಿರೋದು ಸಾವಿತ್ರಿ, ಬರೋರು ಕೂತ್ಕಳ್ಳಿ ಅಂತ ಪಕ್ಕದ ಮನೆಯಿಂದ ಇಸ್ಕಂಡು ಬಂದೆಯಲ್ಲ ಆ ನಾಲ್ಕು ಕುರ್ಚಿ, ವಾಪಸ್ ಕೊಟ್ಟು ಬಾ ಅಂತ. ನಾಳೆ ರೇಷನ್ ಕಾರ್ಡ್ ತನಿಖೆಗೆ ಬರೋ ಆಫೀಸರ್ರು ಕುರ್ಚಿ ನೋಡಿ, ಇವ್ರ ಮನೇಲಿ ಎಲ್ಲಾ ಐತೆ ಅಂತ ಬರ್ಕಂಡೋದ್ರೆ? ನಗಬ್ಯಾಡ್ರಪ್ಪಾ, ನಾನು ಕಂಡಿದ್ದೇ ಹೇಳ್ತೀನಿ. ಯುದ್ಧದ ಕಾಲ ಅದು, ನಮ್ಮ ಸೀಮೆ ಮದ್ರಾಸಿನ ಕೆಳಗಿತ್ತು. ಅಪ್ಪ ತೀರ್ಕಂಡಿದ್ದ, ಅವ್ವ ಕೂಲಿಗೋಗೋಳು, ನಾನೇ ದೊಡ್ಡೋಳು, ನನ್ ಹಿಂದೆ ಮೂರು ಜನ ತಮ್ಮಂದಿರು. ಅಂಗಡೀಲಿ ರಾಗಿ ಸಿಗ್ತಿರ್ಲಿಲ್ಲ, ಗೊತ್ತಾ? ನಮ್ಮೂರು ಗುಡಿಬಂಡೆಯಿಂದ ಮಡಕಶಿರಕ್ಕೆ ನಡ್ಕಂಡೋಗಿ, ಕಾರ್ಡ್ ತೋರ್ಸಿ, ತಲೆಗಿಷ್ಟು ಅಂತ ಅಳೆದಿದ್ದನ್ನ ಹೊತ್ಕಂಡು ಬರೋದು. ಮೊದ್ಲು ಎಲ್ಡೊತ್ತು ಮುದ್ದೆಗೆ ಆಗ್ತಿತ್ತು. ಆಮೇಲೆ ಅಳತೆ ಇಳಿಸಿದ್ರು, ಮುದ್ದೆ ಒಂದೊತ್ತಿಗೆ ಬಂತು, ಇನ್ನೊಂದೊತ್ತಿಗೆ ಅಂಬಲಿ. ಅಂಬಲಿ ಅಂದ್ರೆ ನೀವು ಮಜ್ಜಿಗೆ ಹುಯ್ಕಂಡು ಕುಡೀತೀರಲ್ಲ, ಅದಲ್ಲ. ಬಟ್ಟಲ ತಳ ಕಾಣೋ ಅಂಬಲಿ. ಅದು ಸಾಲ್ದು ಅಂತ ಇನ್ನೊಂದು ಆರ್ಡರ್ ಬಂತು: ಮನೇಲಿ ದವಸ ಇಟ್ಕಂಡಿರೋರಿಗೆ ಕಾರ್ಡೇ ಇಲ್ಲ, ಮನೆಮನೆಗೂ ಬಂದು ನೋಡ್ತಾರಂತೆ.

ಆ ವಾರವೇ ನನ್ನ ನೋಡಕ್ಕೆ ಗಂಡಿನ ಕಡೆಯೋರು ಬಂದ್ರು. ಮಂಗಳವಾರ... ಥೂ, ಮಂಗಳವಾರ ಯಾರು ಹೆಣ್ಣು ನೋಡಕ್ಕೆ ಬತ್ತಾರೆ, ಸೋಮವಾರ. ಆವಾಗೆಲ್ಲ ಹೆಣ್ಣು ನೋಡೋಕೆ ಮುಂಚೆ ವಾಡೆ ನೋಡೋರು. ವಾಡೆ ಅಂದ್ರೆ ರಾಗಿ ತುಂಬಿಡೋ ದೊಡ್ಡ ಮಣ್ಣಿನ ಗುಡಾಣ. ನಮ್ಮವ್ವ ಏನ್ ಮಾಡಿದ್ಲು, ಖಾಲಿ ವಾಡೆಗೆ ಹುಲ್ಲು ತುರುಕಿ, ಮ್ಯಾಲೆ ಗೋಣಿತಾಟು ಹಾಸಿ, ನೆರೆಮನೇಲಿ ಎಲ್ಡು ಸೇರು ರಾಗಿ ಇಸ್ಕಂಡು ಹರಡಿದ್ಲು. ಎಲ್ರೂ ಮಾಡ್ತಿದ್ರು ಕಣ್ರಪ್ಪಾ, ನಮ್ಮವ್ವ ಒಬ್ಳೇ ಅಲ್ಲ. ಗಂಡಿನ ತಾಯಿ ಬಗ್ಗಿ ನೋಡಿ, ಮುಖ ಅರಳಿಸ್ಕಂಡು ಕುಂತ್ಲು. ಅದೇ ಹೊತ್ಗೆ ರೇಷನ್ ಇನ್‌ಸ್ಪೆಕ್ಟ್ರು ಬಂದ! ಅವನೂ ವಾಡೆಗೇ ಬಗ್ಗಿದ. "ಇನ್ನಿ ರಾಗುಲುಂಟೇ ನೀಕು ಕಾರ್ಡೆಂದುಕಮ್ಮಾ?" ಅಂದ ತೆಲುಗಲ್ಲಿ. ಇಷ್ಟು ರಾಗಿ ಇದ್ಮೇಲೆ ಕಾರ್ಡ್ ಯಾಕೆ ಅಂತ. ಹುಲ್ಲು ಅಂದ್ರೆ ಮದುವೆ ಹೋಯ್ತು, ರಾಗಿ ಅಂದ್ರೆ ಕಾರ್ಡ್ ಹೋಯ್ತು. ಅವ್ವ ಸೆರಗು ಹಿಂಡ್ಕಂಡು, "ಐತೆ ಸ್ವಾಮಿ, ಒಸಿ ಐತೆ" ಅಂದ್ಲು. ಅವ್ನು ಕಾರ್ಡ್ ಮ್ಯಾಲೆ ಗೀಟು ಹೊಡೆಯಕ್ಕೆ ಪೆನ್ಸಿಲ್ ತೆಗೆದ. ಆ ಗಂಡಿನ ಮುಖ ನಂಗೆ ನೆನಪೇ ಇಲ್ಲ, ಮೂಲೇಲಿ ಕುಂತಿದ್ದ ನನ್ ತಮ್ಮಂದಿರ ಮುಖ ನೆನಪೈತೆ. ಎದ್ದೆ, ವಾಡೆಗೆ ಮೊಣಕೈಗಂಟ ಕೈಯಿಕ್ಕಿ, ತಾಟು ಸಮೇತ ಹುಲ್ಲು ಎಳೆದು ಅವ್ನ ಬೂಟಿನ ಮುಂದೆ ಹಾಕ್ದೆ. "ನೋಡ್ಕಳಿ ಸ್ವಾಮಿ, ಇದೇ ನಮ್ ರಾಗಿ" ಅಂದೆ. ನಾಚ್ಕೆ ಆಗ್ಲಿಲ್ವಾ ಅಂತೀಯಾ? ಆಯ್ತು. ಈಗ ನೆನೆಸ್ಕಂಡ್ರೂ ಆಯ್ತದೆ.

ಅವ್ನು ಪೆನ್ಸಿಲ್ ಕಿವಿಗೆ ಸಿಗಿಸ್ಕಂಡು, ಕಾರ್ಡ್ ಕೊಟ್ಟು ಹೊಂಟೋದ. ಗಂಡಿನ ತಾಯಿ ಎಲೆಅಡಿಕೆ ಮುಟ್ಲಿಲ್ಲ. "ಹೇಳಿ ಕಳಿಸ್ತೀವಿ" ಅಂದೋಳು, ಇವತ್ಗೂ ಹೇಳಿ ಕಳಿಸ್ತಾನೇ ಅವ್ಳೆ. ನಿಮ್ಮ ತಾತ ಸಿಕ್ಕಿದ್ದು ಅದಾಗಿ ಆರು ವರ್ಷಕ್ಕೆ. ಅವ್ವ ನಾಲ್ಕು ದಿನ ನನ್ನ ಮಾತಾಡಿಸ್ಲಿಲ್ಲ. ಐದನೇ ದಿನ ಮಡಕಶಿರದಿಂದ ರಾಗಿ ತಂದ್ಲು, ಬೀಸಿದ್ಲು, ಮುದ್ದೆ ತೊಳಸಿದ್ಲು. ಯಾವಾಗ್ಲೂ ಮೊದ್ಲು ತಮ್ಮಂದಿರಿಗೆ ಇಕ್ಕೋಳು, ಅವತ್ತು ಮೊದಲ್ನೇ ಮುದ್ದೆ ನನ್ ತಟ್ಟೆಗೆ ಇಕ್ಕಿದ್ಲು. ಇಲ್ದಿದ್ದನ್ನ ಇಲ್ಲ ಅಂದ್ರೆ ಮೂಗೇನು ಉದುರೋಗಲ್ಲ ಕಣಮ್ಮಾ. ಏಳು, ಆ ಕುರ್ಚಿ ಕೊಟ್ಟು ಬಾ, ನಾಳೆ ಚಾಪೆ ಹಾಸಿದ್ರೆ ಸಾಕು.