ಓಡಿಸದ ನಾಲ್ಕು ಸಾವಿರ ಸುತ್ತು

ದೀಪ ಆರಿಸಿ ಕೇಳ್ತೀವಿ ಅನ್ನೋರು ಆರಿಸಿಕೊಳ್ಳಿ. ಆಮೇಲೆ ನಡುರಾತ್ರಿ ಎದ್ದು ಹಿತ್ತಲಿಗೆ ಹೋಗೋಕೆ ನನ್ನನ್ನ ಜೊತೆಗೆ ಕರೀಬೇಡಿ, ಅಷ್ಟೇ.

ಇದು ಆದದ್ದು ನನ್ನ ಚಿಕ್ಕಪ್ಪನ ಮಗನಿಗೆ. ಅಣ್ಣ ಅಂತೀನಿ. ಜೆರಾಕ್ಸ್ ಅಂಗಡೀಲಿ ಕೆಲಸ. ಅವತ್ತು ಹನ್ನೊಂದೂವರೆಗೆ ಷಟರ್ ಎಳೆದು ಮನೆ ಕಡೆ ಹೊರಟಿದ್ದ. ದಾರೀಲಿ ಒಂದು ಪಾಳುಬಾವಿ ಇದೆ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಪಕ್ಕಕ್ಕೆ ಬಂದ. ಆಗ...

ತ್ಚ್.

ಹಲ್ಲಿ ಅಲ್ಲ. ಹಲ್ಲಿ ಆದ್ರೆ ನಾಲ್ಕೈದು ಸಲ ಲೊಚಗುಟ್ಟುತ್ತೆ. ಇದು ಒಂದೇ ಸಲ. ನಾಲಿಗೆ ಅಂಗುಳಿಗೆ ಅಂಟಿ ಬಿಟ್ಟ ಹಾಗೆ... ಒದ್ದೆ ಸದ್ದು.

"ಲೋ ಕೋತಿ, ಬಾರೋ ಈಚೆ," ಅಂದ ಅಣ್ಣ.

ಕೋತಿ ಅಂದ್ರೆ ನಾನು. ಎಲ್ಲಿ ಯಾರು ಬೆಚ್ಚಿಬಿದ್ರೂ ಮೊದಲು ನನ್ನ ಕಿವಿ ಹಿಂಡ್ತಾರೆ. ಅವತ್ತು ಮಾತ್ರ ನಾನು ಮನೇಲಿದ್ದೆ. ಮಂಪ್ಸ್ ಆಗಿ ಎರಡು ಕೆನ್ನೆಯೂ ಊದಿ, ಮುಖ ಕುಂಬಳಕಾಯಿ ಆಗಿತ್ತು.

ಜಾಲರಿ ಒಳಗಿಂದ ಪಿಸುಮಾತು ಬಂತು. "ಎಷ್ಟು ಸುತ್ತು?"

ಅಣ್ಣ ಅಲ್ಲೇ ನಿಂತುಬಿಟ್ಟ. ಆ ಪ್ರಶ್ನೆ ಕೇಳೋ ಮನುಷ್ಯ ಊರಲ್ಲಿ ಒಬ್ಬನೇ ಇದ್ದ. ಅವನು ಸತ್ತು ನಾಲ್ಕು ತಿಂಗಳಾಗಿತ್ತು.

"ನಾ... ನಾಲ್ಕು ಸಾವಿರ, ತಾತ."

ತ್ಚ್.

ಆಮೇಲೆ ಬಾವಿಗೋಡೆ ಮೇಲೆ ಪೆನ್ಸಿಲ್ ಎಳೆದ ಸದ್ದು. ಕರ್ರ್... ಕರ್ರ್... ಮೇಲಕ್ಕೆ ಬರ್ತಾ ಇತ್ತು. ಅಣ್ಣ ಚಪ್ಪಲಿ ಬಿಟ್ಟು ಓಡಿದ.

ಸುತ್ತು ಅಂದ್ರೇನು ಅಂತ ಈಗಲೇ ಹೇಳಿಬಿಡ್ತೀನಿ. ಇಲ್ಲಾಂದ್ರೆ ದೆವ್ವಕ್ಕೆ ಯಾಕೆ ಸಿಟ್ಟು ಬಂತು ಅಂತ ತಿಳಿಯಲ್ಲ.

ಹದಿನೈದನ್ನ ಮೂರೈದಲಿ ಅಂತ ಒಡೀಬಹುದು. ಅಷ್ಟು ನನಗೂ ಬರುತ್ತೆ, ಏಳರ ಮಗ್ಗೀಲಿ ಎಡವಿಬಿದ್ದವನಿಗೆ. ಆದ್ರೆ ಇನ್ನೂರ ಹನ್ನೊಂದು ಅಂಕಿಯ ಒಂದು ನಂಬರ್ ಇದೆ. ಒಡೆಯೋ ನಂಬರೇ ಅಂತ ಖಾತ್ರಿ. ಯಾವುದರಿಂದ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲೆಲ್ಲೋ ಕೂತ ಒಂದಷ್ಟು ಜನ, ಬಿಟ್ಟಿಗೆ, ತಮ್ಮ ತಮ್ಮ ಕಂಪ್ಯೂಟರ್ ಹಚ್ಚಿ ಇಂಥ ನಂಬರ್ ಒಡೀತಾರೆ. ಕಂಪ್ಯೂಟರ್ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಹೊಡೀತಾ ಹೋಗುತ್ತೆ. ಒಂದು ಹೊಡೆತಕ್ಕೆ ಒಂದು ಸುತ್ತು. ತಗುಲಿದ್ರೆ ತಗುಲಿತು. ತಗುಲದಿದ್ರೆ ಗುಂಪಿನ ಪುಟದಲ್ಲಿ 'ಇಷ್ಟು ಸುತ್ತು ಓಡಿಸಿದೆ, ಏನೂ ಸಿಗಲಿಲ್ಲ' ಅಂತ ಬರೀಬೇಕು. ಸಿಕ್ಕಿದ್ದನ್ನ ಯಾರು ಬೇಕಾದ್ರೂ ಗುಣಿಸಿ ನೋಡಬಹುದು. ಸಿಗದೇ ಇದ್ದದ್ದನ್ನ? ನಂಬಬೇಕು. ಬೇಕಾದಷ್ಟು ಸುತ್ತು ಮುಗಿದ ಮೇಲೆ, ಇಷ್ಟು ಅಂಕಿ ಅಳತೆಯ ಚೂರು, ಅಂದ್ರೆ ಹದಿನೈದರಲ್ಲಿ ಮೂರು ಇದ್ದ ಹಾಗೆ, ಇದರಲ್ಲಿ ಇಲ್ಲ ಅಂತ ನಂಬರನ್ನ ಪಕ್ಕಕ್ಕೆ ಸರಿಸಿಬಿಡ್ತಾರೆ.

ಈ ನಂಬರ್ ಹಿಂದೆ ಹನ್ನೊಂದು ವರ್ಷ ಬಿದ್ದಿದ್ದವರು ಪ್ರೂಫ್ ತಾತ. ಪ್ರೆಸ್ಸಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದವರು. ಕಿವಿ ಮೇಲೆ ಕೆಂಪು ಪೆನ್ಸಿಲ್. ತಪ್ಪು ಕಂಡ್ರೆ ನಾಲಿಗೇಲಿ ತ್ಚ್ ಅನ್ನೋರು, ತಪ್ಪು ಕಾಗದದ್ದಾಗಲಿ ಮನುಷ್ಯರದ್ದಾಗಲಿ. ಅಣ್ಣನಿಗೆ ಈ ಹುಚ್ಚು ಹಿಡಿಸಿದವರೂ ಅವರೇ. ಆಸ್ಪತ್ರೆಗೆ ಸೇರೋ ದಿನ ನಂಬರ್ ಅವನ ಕೈಗೆ ಕೊಟ್ಟು, "ಸೋಮಾರಿಯಾಗು, ಪರವಾಗಿಲ್ಲ. ಸುಳ್ಳು ಬರೆದ್ಯೋ, ಬಿಡಲ್ಲ," ಅಂದಿದ್ರು.

ಎರಡು ತಿಂಗಳು ಅಣ್ಣ ಅಂಗಡಿ ಕಂಪ್ಯೂಟರುಗಳಲ್ಲಿ ರಾತ್ರಿಯೆಲ್ಲ ಓಡಿಸಿದ. ಒಂದು ದಿನ ಸಾಹುಕಾರ ಬಂದು ಮಿಷನ್ ಮುಟ್ಟಿ ನೋಡಿ ಕೈ ಸುಟ್ಟುಕೊಂಡ. "ನನ್ನ ಅಂಗಡಿಗೆ ಬೆಂಕಿ ಇಡ್ತೀಯೇನೋ?" ಅಂತ ಬೈದು, ರಾತ್ರಿ ಮೇನ್ ಸ್ವಿಚ್ಚಿಗೆ ಬೀಗ ಹಾಕೋಕೆ ಶುರು ಮಾಡಿದ. 'ನನ್ನ ಕೈಲಾಗಲ್ಲ' ಅಂತ ಗುಂಪಿಗೆ ಬರೆದಿದ್ರೆ ಮುಗೀತಿತ್ತು. ಆದ್ರೆ ಗುಂಪಿನ ಪಟ್ಟೀಲಿ ಅಣ್ಣನ ಹೆಸರು ಒಂಬತ್ತನೇದು. ಅವನು ಬದುಕಲ್ಲಿ ಯಾವ ಪಟ್ಟೀಲೂ ಅಷ್ಟು ಮೇಲೆ ಹತ್ತಿದವನಲ್ಲ. ವಾರಕ್ಕೆ ಐನೂರು ಸುತ್ತು ಅಂತ ಸುಮ್ಮನೆ ಬರೀತಾ ಹೋದ. ಎಂಟು ವಾರ. ಎಂಟನೇ ವಾರದ್ದು ಬರೆದ ಸಂಜೆ ಗುಂಪಿನ ಮುಖಂಡ, 'ಸರಿ, ಈ ಅಳತೆ ಮುಗೀತು, ನಂಬರ್ ಪಕ್ಕಕ್ಕೆ,' ಅಂತ ಹಾಕಿದ. ಅವತ್ತು ರಾತ್ರೀನೇ ಬಾವಿ.

ಬೆಳಿಗ್ಗೆ ಅಣ್ಣ ಬಂದು ನನ್ನ ಕತ್ತಿನಪಟ್ಟಿ ಹಿಡಿದ. "ತಾತನ ದನಿ ಎಲ್ಲಿ ಕಲಿತ್ಯೋ?" ನನ್ನ ಮುಖ ಕಂಡು ಕೈ ಬಿಟ್ಟ.

"ನನಗೆ ಬಾಯಿ ತೆರೆಯೋಕೇ ಆಗಲ್ಲ," ಅಂದೆ. "ಮಾಡಿದ್ದು ನಾನಲ್ಲ. ಯಾರು ಅಂತ ನಿನಗೆ ಗೊತ್ತು."

ಅವತ್ತಿಂದ ಶುರುವಾಯ್ತು. "ಊಟ ಆಯ್ತೇನೋ?" ಅಂತ ಚಿಕ್ಕಮ್ಮ ಕೇಳಿದ್ರೆ "ಆಯ್ತು" ಅನ್ನೋನು. ಮಂಚದ ಕೆಳಗಿಂದ... ತ್ಚ್. ಅಂಗಡೀಲಿ ಗಿರಾಕಿ ಬಂದ್ರೆ "ಐದೇ ನಿಮಿಷ ಸಾರ್" ಅನ್ನೋನು. ಕಾಗದದ ರಾಶಿ ಹಿಂದಿಂದ... ತ್ಚ್. "ಯಾರ್ರೀ ಅದು, ನನ್ನ ನೋಡಿ ಲೊಚಗುಟ್ಟೋದು?" ಅಂತ ಗಿರಾಕಿ ಕೂಗಾಡಿ ಹೋದ. ಅಣ್ಣ ಮಾತೇ ಬಿಟ್ಟ.

ಬರೆದದ್ದನ್ನ ನಿಜ ಮಾಡಿಬಿಟ್ರೆ ಕಾಟ ತಪ್ಪುತ್ತೆ ಅಂತ ಅವನ ತಲೆಗೆ ಹೊಳೀತು. ಸಾಹುಕಾರನ ಗೊಂಚಲಿಂದ ಬೀಗದ ಕೈ ಎಗರಿಸಿ ರಾತ್ರಿ ಅಂಗಡಿ ಹೊಕ್ಕ. ಷಟರ್ ಅರ್ಧ ಇಳಿಸಿದ. ಮೂರು ಮಿಷನ್ ಹಚ್ಚಿದ. ಫ್ಯಾನು ಗುಂಯ್ ಅಂದವು.

"ಓಡಿಸ್ತಾ ಇದ್ದೀನಲ್ಲ, ತಾತ," ಅಂದ ಪಿಸುದನಿಯಲ್ಲಿ.

ಮೂರೂ ಫ್ಯಾನು ಒಟ್ಟಿಗೆ ನಿಂತವು. ದೀಪ ಉರೀತಾನೇ ಇತ್ತು.

"ಅಚ್ಚಾಗಿದೆಯಲ್ಲ..." ಕಿವಿ ಹಿಂದೆ. ತಣ್ಣಗೆ. "ತಿದ್ದು."

"ಎಲ್ಲರೂ ಉಗೀತಾರೆ, ತಾತ."

"ತಿದ್ದು."

"ಆಗಲ್ಲ!"

ಕತ್ತಿನ ಬುಡಕ್ಕೆ ಚೂಪಾದ ಏನೋ ತಾಗಿತು. ಅಂಗಿಯ ಒಳಗೇ ಇಳೀತು. ನಿಧಾನಕ್ಕೆ, ಒತ್ತಿ, ಎಡ ಹೆಗಲಿಂದ ಬಲ ಸೊಂಟದವರೆಗೆ... ಕರ್ರ್... ಕೊನೇಲಿ ಒಂದು ಸುರುಳಿ. ಬೆಳಿಗ್ಗೆ ಅಂಗಿ ಬಿಚ್ಚಿ ತೋರಿಸಿದ. ಕೆಂಪು ಗೆರೆ, ಬಾಲಕ್ಕೆ ಸುತ್ತು. ಪ್ರೂಫ್ ತಿದ್ದೋರು ಬೇಡದ ಪದ ಕಿತ್ತುಹಾಕೋಕೆ ಎಳೆಯೋ ಗುರುತು ಅದು. ಅಂಗಿ ಎಲ್ಲೂ ಹರಿದಿರಲಿಲ್ಲ. ಚಿಕ್ಕಮ್ಮ ಎಣ್ಣೆ ಹಚ್ಚಿದ್ರು, ಸೋಪು ಹಾಕಿ ತಿಕ್ಕಿದ್ರು. ತಿಕ್ಕಿದಷ್ಟೂ ಕೆಂಪಾಯ್ತು.

ಮನುಷ್ಯನನ್ನೇ ಅಳಿಸೋಕೆ ಹೊರಟಿದ್ದಾರೆ ಅಂತ ಆಗ ಅರ್ಥ ಆಯ್ತು ಅಣ್ಣನಿಗೆ. ಅವತ್ತೇ ಬರೆದ. 'ಕೊನೆಯ ನಾಲ್ಕು ಸಾವಿರದಲ್ಲಿ ಒಂದು ಸುತ್ತೂ ಓಡಿಸಿಲ್ಲ. ಸುಳ್ಳು ಹೇಳಿದೆ.'

ಹತ್ತು ನಿಮಿಷಕ್ಕೆ ಉತ್ತರ ಬಂತು. 'ನಿನ್ನ ಸುಳ್ಳು ನಂಬಿ ನಾವು ಇಪ್ಪತ್ತೆರಡು ಜನ ಆ ನಂಬರ್ ಪಕ್ಕಕ್ಕೆ ಸರಿಸಿದ್ವಿ. ಪಟ್ಟಿಯಿಂದ ತೆಗೆದಿದ್ದೇವೆ. ತೊಲಗು.' ಉಳಿದವರು ಬರೆದದ್ದನ್ನ ನಾನು ಇಲ್ಲಿ ಹೇಳೋ ಹಾಗಿಲ್ಲ. ನನಗೇ ಹೊಸ ಬೈಗುಳ ನಾಲ್ಕು ಸಿಕ್ಕವು.

ಅವರೇ ಆ ನಾಲ್ಕು ಸಾವಿರ ಹಂಚಿಕೊಂಡು ಓಡಿಸಿದ್ರು. ಒಂಬತ್ತನೇ ದಿನಕ್ಕೆ ಚೂರು ಸಿಕ್ತು. ನಲವತ್ನಾಲ್ಕು ಅಂಕಿ. ಅಣ್ಣನ ಹೆಸರು ಎಲ್ಲೂ ಇಲ್ಲ.

ಆದ್ರೂ ತಾತನ ಮಗಳಿಗೆ ಹೇಳಿಬರೋಣ ಅಂತ ಹೊರಟ. ಕೆನ್ನೆ ಇಳಿದಿತ್ತು, ನಾನೂ ಹಿಂದೆ ಹೋದೆ. ಅವಳು ನರ್ಸು. ರಾತ್ರಿ ಪಾಳಿ ಮುಗಿಸಿ ಬಂದಿದ್ದಳು. ಬಾಗಿಲು ಅಂಗೈ ಅಗಲ ತೆರೆದಳು.

"ಅಕ್ಕ, ತಾತನ ನಂಬರ್ ಒಡೀತು."

"ಪೂರ್ತಿನಾ?"

ಹೂಂ ಅಂದುಬಿಡೋಣ ಅಂತ ಅಣ್ಣ ಬಾಯಿ ತೆರೆದ. ಮುಚ್ಚಿದ. "ಇಲ್ಲ ಅಕ್ಕ. ಒಂದು ಚೂರು ಬಂತು. ದೊಡ್ಡ ಚೂರು ಇನ್ನೂ ಒಡೀಬೇಕು."

ಅವಳು ತಿರುಗಿ ಒಳಗೆ ನೋಡಿದಳು. "ಅದಕ್ಕೇ ಇನ್ನೂ ಎದ್ದಿಲ್ಲ."

"ಯಾರು ಅಕ್ಕ?"

"ನಾಲ್ಕು ತಿಂಗಳಿಂದ ಆ ಮೂಲೆ ಗುಡಿಸೋಕಾಗಿಲ್ಲ ನನಗೆ. ನಿನ್ನಿಂದ ಎರಡು ತಿಂಗಳು ಜಾಸ್ತಿ. ಸರಿ ಆಚೆ."

ಒಳಗೆ ಹೋಗಿ ಆ ಮೂಲೆಯಿಂದ ತಾತ ಕೂರ್ತಿದ್ದ ಬೆತ್ತದ ಕುರ್ಚಿ ಎಳೆದುಕೊಂಡು ಬಂದಳು. ಒಂದೊಂದೇ ಗೇಣು. ಕಾಲುಗಳು ನೆಲಕ್ಕೆ ಉಜ್ಜಿ ಕ್ರೀ... ಕ್ರೀ... ಅಣ್ಣ ಕೈ ಹಾಕೋಕೆ ಹೋದ. "ಮುಟ್ಟಬೇಡ ನೀನು!" ಗೇಟಿನ ಹೊರಗೆ ಬಿಟ್ಟು, ಬೆವರು ಒರೆಸಿಕೊಂಡು, ಬಾಗಿಲು ಹಾಕಿಕೊಂಡಳು.

ಅಷ್ಟರಲ್ಲಿ ಗುಜರಿಯವನು ತಳ್ಳುಗಾಡಿ ತಂದ. ಖಾಲಿ ಕುರ್ಚಿ. ಬೆತ್ತ ಎರಡು ಕಡೆ ಹರಿದು ನೆಲ ಕಾಣ್ತಿತ್ತು. ಒಂದು ಕೈಲಿ ಎತ್ತೋಕೆ ಹೋದ. ಏಳಲಿಲ್ಲ. ಎರಡು ಕೈ ಹಾಕಿದ. ಏಳಲಿಲ್ಲ.

"ಏ ಹುಡುಗ, ಆ ಕಡೆ ಹಿಡಿ," ಅಂದ.

ಹಿಡಿದವನು ನಾನೇ. ಆಣೆ ಗೀಣೆ ಏನೂ ಇಡಲ್ಲ. ಎರಡು ದಿನ ಸೊಂಟ ಹಿಡಿದುಕೊಂಡಿತ್ತು, ನಮ್ಮಮ್ಮನ್ನ ಕೇಳಿ.